ಅವ್ವನ ಉಸಿರು ಅಳೆದದ್ದು

ನಮ್ಮವ್ವ ಲೋಟಕ್ಕೆ ತುಟಿ ಹಚ್ಚಿ ನೀರು ಕುಡಿದದ್ದನ್ನು ನಾನು ಯಾವತ್ತೂ ನೋಡಿಲ್ಲ. ನೀರಾಗಲಿ, ಮಜ್ಜಿಗೆಯಾಗಲಿ, ಆರಿಸಿಕೊಂಡ ಚಹಾ ಆಗಲಿ, ತಲೆ ಹಿಂದಕ್ಕೆ ಚೆಲ್ಲಿ, ಲೋಟ ಎತ್ತಿ ಹಿಡಿದು ಗಂಟಲಿಗೆ ಸುರಿದುಕೊಳ್ಳುವವಳು. ಕೊರಳಲ್ಲಿ ಲಿಂಗ ಕಟ್ಟಿದ ಮೇಲೆ ಬಾಯಿಗೆ ಇನ್ನೊಬ್ಬರ ಎಂಜಲು ತಾಗಬಾರದು ಅನ್ನುವುದು ಅವಳಿಗೆ ಯಾರೋ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ, ಮೈಗೆ ಹತ್ತಿದ್ದು. ಮದುವೆ ಮನೆಯಲ್ಲಿ ಸೋಡಾ ಬಾಟಲಿ ಕೈಗೆ ಕೊಟ್ಟರೆ ಅದನ್ನೂ ಎತ್ತಿ ಹುಯ್ದುಕೊಂಡು ರವಿಕೆಯೆಲ್ಲ ತೋಯಿಸಿಕೊಳ್ಳುವಳೇ ಹೊರತು ಬಾಯಿ ಹಚ್ಚುವವಳಲ್ಲ. ಅಂಥವಳಿಗೆ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಒಂದು ಕೊಳವೆ ಕೊಟ್ಟು, ಬಾಯೊಳಗಿಟ್ಟುಕೊಂಡು ಗಟ್ಟಿಯಾಗಿ ಊದಬೇಕು ಅಂದುಬಿಟ್ಟರು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಕೊಟ್ಟೂರಿನಲ್ಲಿ ನಾವಿಬ್ಬರೇ ಇದ್ದೆವು, ಅವ್ವ ಮತ್ತು ನಾನು. ಅಪ್ಪ ತೀರಿಕೊಂಡ ಮೇಲೆ ಅವನ ಹಿಟ್ಟಿನ ಗಿರಣಿ ನನ್ನ ಕೊರಳಿಗೆ ಬಿತ್ತು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಗೋಡೆ. ಆ ಕಾಲದಲ್ಲಿ ತ್ರೀಫೇಸ್ ಕರೆಂಟು ಬೆಳಿಗ್ಗೆ ಬರುತ್ತದೋ ಮಧ್ಯಾಹ್ನ ಬರುತ್ತದೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂತೆಂದರೆ ಬಾಯೊಳಗಿನ ತುತ್ತು ನುಂಗುವ ಮೊದಲೇ ಎದ್ದು ಮೋಟಾರು ಹಾಕಬೇಕು. ಜೋಳದ ಡಬ್ಬಿ ಹೊತ್ತುಕೊಂಡ ಹೆಂಗಸರು ಅದಾಗಲೇ ಬಾಗಿಲಲ್ಲಿ, "ನಂದು ಮೊದ್ಲು ಹಾಕವ್ವ, ರೊಟ್ಟಿಗಿ ಹಿಟ್ಟಿಲ್ಲ" ಎಂದು ನೂಕಾಡುತ್ತಿದ್ದರು. ಮೋಟಾರಿನ ಸದ್ದಿನ ಮೇಲೆ ನಾನು ಕಿರುಚಬೇಕು. ಹಾಗಾಗಿ ನಾನು ಮಾತಾಡಿದರೆ ಜಗಳವಾಡಿದಂತೆ ಕೇಳಿಸುತ್ತದೆ ಎಂದು ಓಣಿಯವರು ಹೇಳುತ್ತಿದ್ದರು. ಕೇಳಿಸುವುದೇನು ಬಂತು, ಬಹಳ ಸಲ ಅದು ಜಗಳವೇ ಆಗಿರುತ್ತಿತ್ತು.

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಕರೆಂಟು ಇದ್ದರೆ ಗಿರಣಿಯೊಳಗೆ ಓಡಾಟ, ಇಲ್ಲದಿದ್ದರೆ ಕರೆಂಟು ಯಾವಾಗ ಬಂದೀತೆಂದು ಬಾಗಿಲಿಗೂ ಮೀಟರಿಗೂ ಓಡಾಟ. ಇಂಥ ನನ್ನ ಕಣ್ಣಿಗೂ ಅವ್ವನ ಕಾಯಿಲೆ ಬಹಳ ದಿನ ಬೀಳಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮಾಡುತ್ತಿದ್ದವಳು ನಿಂತೇ ಮಾಡತೊಡಗಿದಳು. ಕೇಳಿದರೆ, "ಮಣಕಾಲು ಹಿಡದೈತಿ ಬಿಡು" ಅಂದಳು. ಒಂದು ದಿನ ಅವಳ ಸೀರೆಯ ಹಿಂದೆ ರಕ್ತ ಕಂಡಿತು. ಆಗ ಹಿಡಿದು ಕೂರಿಸಿದೆ, ಗದರಿದೆ, ಅತ್ತೆ, ಆಮೇಲೆ ಬಾಯಿ ಬಿಟ್ಟಳು. ಗರ್ಭಕೋಶ ಜಾರಿ ಕೆಳಗೆ ಬರುತ್ತಿತ್ತು. ಎಷ್ಟು ವರ್ಷದಿಂದಲೋ ಬಟ್ಟೆ ಕಟ್ಟಿಕೊಂಡು, ಒಳಗೆ ನೂಕಿಕೊಂಡು, ಕೊಡ ಹೊತ್ತು, ರೊಟ್ಟಿ ಬಡಿದು ಓಡಾಡಿದ್ದಳು. ಹಡೆದ ಮಗಳಿಗೂ ಹೇಳಿರಲಿಲ್ಲ.

ಹರಪನಹಳ್ಳಿಯ ಡಾಕ್ಟ್ರಮ್ಮ ನೋಡಿ, ಗಾಯವಾಗಿದೆ, ಹೀಗೇ ಬಿಟ್ಟರೆ ಕೆಟ್ಟದ್ದಕ್ಕೆ ತಿರುಗಬಹುದು, ತೆಗೆಯಲೇಬೇಕು ಅಂದರು. ಅವ್ವ ಒಪ್ಪಬೇಕಲ್ಲ! ಈ ವಯಸ್ಸಿನಲ್ಲಿ ಯಾವನ ಮುಂದೋ ಮಲಗುವುದೇ ಅಂದಳು. ಸುಗ್ಗಿ ಮುಗಿಯಲಿ ಅಂದಳು, ಶ್ರಾವಣ ಕಳೆಯಲಿ ಅಂದಳು. ನಾನು ಊಟ ಬಿಟ್ಟೆ, ಮಾತು ಬಿಟ್ಟೆ, ತೆಲಿಗಿಯಿಂದ ಚಿಗವ್ವನನ್ನು ಕರೆಸಿ ಹೇಳಿಸಿದೆ. ಕೊನೆಗೆ ಒಂದು ದಿನ ರೊಟ್ಟಿ ಬಡಿಯುತ್ತ ಬಡಿಯುತ್ತಲೇ, "ಹೂಂ, ಏನ್ ಮಾಡಿಸ್ತಿ ಮಾಡ್ಸು ಹೋಗತ್ಲಾಗ" ಅಂದಳು. ನನಗೆ ಅಷ್ಟೇ ಸಾಕಾಗಿತ್ತು.

ಅಷ್ಟರಲ್ಲಿ ಈ ಉಸಿರಿನ ತಕರಾರು ಬಂತು. ಆಪರೇಷನ್ ಹೊತ್ತಿಗೆ ಎಚ್ಚರ ತಪ್ಪಿಸಲು ಮತ್ತು ಕೊಡುವ ಡಾಕ್ಟರು ಅವ್ವನ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಹುಬ್ಬು ಗಂಟಿಕ್ಕಿದರು. "ಎದಿ ಗೊರಗೊರ ಅಂತೈತಲ್ರಿ. ಒಲಿ ಹೊಗಿ ಕುಡಿದ ಎದಿ ಇದು. ಉಸಿರು ಎಷ್ಟೈತಿ ಅಂತ ಅಳೆಸ್ಕಂಡು ಬರ್ರಿ. ಅದು ಸರಿ ಇದ್ರ ಮಾತ್ರ ನಾನು ಮತ್ತು ಕೊಡೋನು." ನೆಗಡಿಯಾಗಿದೆ ಅಷ್ಟೇ ಎಂದು ನಾನು ವಾದಿಸಿದೆ. ಅವರು ಜಗ್ಗಲಿಲ್ಲ. ದಾವಣಗೆರೆಯಿಂದ ಎದೆ ಡಾಕ್ಟರೊಬ್ಬರು ಗುರುವಾರ ಗುರುವಾರ ಅದೇ ಆಸ್ಪತ್ರೆಗೆ ಬರುತ್ತಾರೆ, ಮಷಿನ್ನು ಅವರೇ ತರುತ್ತಾರೆ, ತೋರಿಸಿ ಅಂದರು. ಅವ್ವನ ಮುಖ ನೋಡಿದೆ. ತಪ್ಪಿಸಿಕೊಳ್ಳಲು ಸಂದಿ ಸಿಕ್ಕಿತಲ್ಲ ಎಂಬ ಖುಷಿ ಅದರಲ್ಲಿ ಎದ್ದು ಕಾಣುತ್ತಿತ್ತು. ಈಗ ಕೈ ತಪ್ಪಿದರೆ ಇವಳನ್ನು ಮತ್ತೆ ಇಲ್ಲಿಗೆ ತರಲಾರೆ ಎಂದು ನನಗೆ ಹೆದರಿಕೆಯಾಯಿತು.

ಗುರುವಾರ ಬೆಳಿಗ್ಗೆ ಗಿರಣಿಗೆ ಬೀಗ ಹಾಕಿ ಬಸ್ಸು ಹತ್ತಿದೆವು. ಬಸ್ ನಿಲ್ದಾಣ ದಾಟುವಾಗ ಬೀದಿಯ ಗಿರಣಿಯೊಂದರಲ್ಲಿ ಮೋಟಾರು ಓಡುತ್ತಿತ್ತು. ಅಯ್ಯೋ, ಇವತ್ತೇ ಬೆಳಿಗ್ಗೆ ಕರೆಂಟು ಕೊಟ್ಟಿದ್ದಾರೆ ಎಂದು ಹೊಟ್ಟೆ ಉರಿಯಿತು. ಆಸ್ಪತ್ರೆಯಲ್ಲಿ ಬೆಂಚು ತುಂಬ ಜನ. ನನಗೆ ಕೂರಲಾಗಲಿಲ್ಲ. ಹೊರಗೆ ಹೋಗುವೆ, ಒಳಗೆ ಬರುವೆ, ಬಾಗಿಲ ಪರದೆ ಸರಿಸಿ ಇಣುಕುವೆ. ಒಳಗಿನಿಂದ ಡಾಕ್ಟರು, "ಊದ್ರಿ, ಊದ್ರಿ, ಊದ್ರಿ, ಬಿಡಬ್ಯಾಡ್ರಿ, ಇನ್ನೂ, ಇನ್ನೂ!" ಎಂದು ಕೂಗುವುದು ಬೀದಿಗೆ ಕೇಳುತ್ತಿತ್ತು. ಅಲ್ಲೇ ಹತ್ತಿರದ ಅರಸೀಕೆರೆ ಕಡೆಯ ಒಬ್ಬ ಅಜ್ಜ ಊದಿ ಊದಿ ಕೆಮ್ಮುತ್ತ ಹೊರಗೆ ಬಂದ. ಅವ್ವ ಅವನ ಬಾಯಿಯನ್ನೇ ನೋಡುತ್ತಿದ್ದಳು, ಅವನ ಗಡ್ಡದ ಮೇಲೆ ಜೊಲ್ಲು ಇತ್ತು. ಆಗಲೇ ನಾನು ತಿಳಿದುಕೊಳ್ಳಬೇಕಾಗಿತ್ತು.

ಮಷಿನ್ನೆಂದರೆ ಏನೋ ದೊಡ್ಡದು ಅಂದುಕೊಂಡಿದ್ದೆ. ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ, ಅದಕ್ಕೊಂದು ಗಾಜಿನ ಪರದೆ, ಪಕ್ಕದಲ್ಲಿ ಉದ್ದ ನಳಿಗೆ. ನಳಿಗೆಯ ತುದಿಗೆ ಡಾಕ್ಟರು ಒಂದು ಹೊಸ ರಟ್ಟಿನ ಕೊಳವೆ ಸಿಕ್ಕಿಸಿದರು. ಅವ್ವನ ಮೂಗಿಗೆ ಚಿಮಟ ಹಾಕಿದರು, ಅದು ಮೂಗುತಿಗೆ ಒತ್ತಿ ಅವಳು ಹಾ ಅಂದಳು. "ಅಮ್ಮಾರೇ, ಎದಿ ತುಂಬ ಗಾಳಿ ಎಳಕೊಳ್ರಿ. ಆಮೇಲೆ ಇದನ್ನ ಬಾಯಾಗ ಇಟ್ಕಂಡು, ತುಟಿ ಬಿಗಿ ಹಿಡದು, ಒಂದೇ ಸಲಕ್ಕ ಎಲ್ಲಾ ಗಾಳಿ ಹೊರಗ ಹಾಕ್ರಿ" ಅಂದರು. ಅವ್ವ ತಲೆಯಾಡಿಸಿದಳು. ಗಾಳಿ ಎಳೆದುಕೊಂಡಳು. ಕೊಳವೆಯನ್ನು ಬಾಯಿಂದ ಎರಡು ಬೆರಳು ದೂರ ಹಿಡಿದು, ನೀರು ಹುಯ್ದುಕೊಳ್ಳುವಾಗ ಲೋಟ ಹಿಡಿಯುತ್ತಾಳಲ್ಲ, ಹಾಗೆ ಎತ್ತಿ ಹಿಡಿದು, ಉಫ್ ಎಂದು ಊದಿದಳು. ಮೇಜಿನ ಮೇಲಿನ ಚೀಟಿಗಳು ಹಾರಿದವು. ಮಷಿನ್ನಿಗೆ ಏನೂ ಹೋಗಲಿಲ್ಲ.

"ಬಾಯಾಗ ಇಡಬೇಕು ಅಮ್ಮಾರೇ."

"ಅದು ಎಂಜಲ ಅಲ್ರಿ ಸಾಹೇಬ್ರ?"

"ಹೊಸಾದೈತಿ, ನಿಮ್ಮ ಎದುರಿಗೇ ಹಾಕಿದ್ನೆಲ್ಲ."

"ತುದಿ ಹೊಸಾದು ಖರೆ. ಒಳಗಿನ ಗಾಳಿ ಯಾರ್ಯಾರ್ದೋ ಐತೆಲ್ರಿ. ಆ ಅಜ್ಜ ಈಗಷ್ಟ ಊದಿ ಹೋದ."

ಡಾಕ್ಟರು ಹಾರಿದ ಚೀಟಿಗಳನ್ನು ಆರಿಸಿಕೊಂಡರು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. "ಅವ್ವಾ, ಹಚ್ಚು ಬಾಯಿ!" ಎಂದು ಗಿರಣಿಯ ದನಿಯಲ್ಲೇ ಕೂಗಿದೆ. ಹೊರಗಿನ ಬೆಂಚಿನವರು ಪರದೆ ಸರಿಸಿ ಇಣುಕಿದರು. ಅವ್ವ ಕಣ್ಣು ಮುಚ್ಚಿ, ಕಹಿ ಕಷಾಯಕ್ಕೆ ಹಚ್ಚಿದ ಹಾಗೆ ತುಟಿಯ ಅಂಚು ಮಾತ್ರ ಹಚ್ಚಿದಳು. ಡಾಕ್ಟರು ಪಾಪ, ಅವಳಿಗೆ ತಿಳಿಯಲೆಂದು, "ಒಲಿ ಊದ್ತೀರಲ್ಲ, ಹಂಗ ಊದ್ರಿ" ಅಂದುಬಿಟ್ಟರು. ಮುಗಿಯಿತು ಕಥೆ. ಒಲೆಯನ್ನು ಯಾರಾದರೂ ರಭಸದಿಂದ ಊದುತ್ತಾರೆಯೇ? ಬೂದಿ ಎದ್ದು ಅನ್ನದ ಗಡಿಗೆಗೆ ಬೀಳುವುದಿಲ್ಲವೇ? ಅವ್ವ ಅರವತ್ತು ವರ್ಷದ ರೂಢಿಯಂತೆ ಮೆತ್ತಗೆ, ಬಿಟ್ಟು ಬಿಟ್ಟು, ಕೆಂಡ ನಿಗಿನಿಗಿ ಅನ್ನುವ ಹದಕ್ಕೆ ಊದಿದಳು. ಪರದೆಯ ಮೇಲೆ ಗೆರೆ ಏಳಲೇ ಇಲ್ಲ. "ಇಷ್ಟ ಉಸಿರು ಅಂತ ಬರೆದು ಕೊಟ್ರ ಯಾರೂ ಮತ್ತು ಕೊಡಾದಿಲ್ಲ. ಮುಂದಿನ ಗುರುವಾರ ಬರ್ರಿ, ಮನಿಯಾಗ ಸ್ವಲ್ಪ ರೂಢಿ ಮಾಡಿಸ್ರಿ" ಅಂದರು ಡಾಕ್ಟರು.

ಆ ವಾರ ಅವ್ವನ ಸಂಭ್ರಮ ನೋಡಬೇಕಿತ್ತು. ಹಿಟ್ಟಿಗೆ ಬಂದ ಹೆಂಗಸರಿಗೆಲ್ಲ, "ನನ್ನ ಉಸ್ರು ಸಾಲಂಗಿಲ್ಲಂತವ್ವ, ಮಷಿನ್ನೇ ಬ್ಯಾಡ ಅಂದ್ಬಿಡ್ತು" ಎಂದು ಸಕ್ಕರೆ ಹಂಚುವವರ ಹಾಗೆ ಹೇಳಿಕೊಂಡು ಬಂದಳು. ನಾನು ಕುದಿಯುತ್ತಿದ್ದೆ. ರೂಢಿ ಮಾಡಿಸಲು ಮೊದಲು ಮೇಣದಬತ್ತಿ ಹಚ್ಚಿ, ದೂರ ನಿಂತು ಆರಿಸು ಅಂದೆ. "ಹುಚ್ಚಿ ಏನಲೇ ನೀನು? ಉರಿಯೋ ದೀಪ ಬಾಯಿಲೆ ಊದಿ ಆರಿಸ್ತಾರೇನು?" ಎಂದು ನನಗೇ ಬೈದಳು. ಅದೂ ಎಂಜಲಿನ ಲೆಕ್ಕವೇ. ಬೆಂಕಿಗೆ ಬಾಯಿಯ ಗಾಳಿ ತಾಗಬಾರದಂತೆ. ಹಾಗಾದರೆ ಒಲೆ ಊದುವುದು ಏನು ಎಂದು ಕೇಳಿದರೆ, ಅದು ಹೊತ್ತಿಸಲಿಕ್ಕೆ, ಇದು ಆರಿಸಲಿಕ್ಕೆ ಎಂದಳು. ಇವಳ ಜೊತೆ ವಾದಕ್ಕೆ ನಿಂತರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು.

ಕೊನೆಗೆ ಹಿತ್ತಲಿನ ಪರಂಗಿ ಗಿಡದಿಂದ ಎಲೆಯ ದೇಟು ಕಿತ್ತು ತಂದೆ. ಒಳಗೆ ಟೊಳ್ಳು, ಹಸಿರು, ಯಾರ ಎಂಜಲೂ ಅಲ್ಲ. ಅದನ್ನು ಬಾಯಿಗಿಟ್ಟುಕೊಂಡು ಅವ್ವ ಊದಿದಳು ನೋಡಿ! ಅಂಗಳದ ಧೂಳು ಎದ್ದಿತು. ಗಲ್ಲ ಉಬ್ಬಿಸಬೇಡ, ಒಂದೇ ಸಲಕ್ಕೆ ಬಿಡು, ಕೊನೆಯವರೆಗೂ ಬಿಡು ಎಂದು ನಾನು ಡಾಕ್ಟರಂತೆ ಕೂಗುವುದು, ಅವಳು ಊದುವುದು. ಓಣಿಯವರು ಗೋಡೆಯ ಮೇಲಿಂದ ನೋಡಿ ನಕ್ಕರು. ದೇಟಿನಲ್ಲಿ ಊದುವವಳು ಕೊಳವೆಯಲ್ಲಿ ಊದದೇ ಇರುತ್ತಾಳೆಯೇ ಎಂದು ನನಗೆ ಧೈರ್ಯ ಬಂತು.

ಮುಂದಿನ ಗುರುವಾರ ಮತ್ತೆ ಹೋದೆವು. ಚಿಮಟ ಹಾಕಿದ್ದಾಯಿತು, ಗಾಳಿ ಎಳೆದದ್ದಾಯಿತು, ಕೊಳವೆ ಬಾಯಿಯ ಹತ್ತಿರ ಬಂತು, ಎರಡು ಬೆರಳು ದೂರ ನಿಂತುಬಿಟ್ಟಿತು. "ಅವ್ವಾ!" ಅಂದೆ. "ಆಗವಲ್ದವ್ವ. ಬಾಯಿ ಒಳಗ ತಗಳಂಗಿಲ್ಲ, ವಾಂತಿ ಬರ್ತೈತಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು, ಆಟವಲ್ಲ ಅದು. ಅವಳಿಗೆ ನಿಜವಾಗಿಯೂ ಆಗುತ್ತಿರಲಿಲ್ಲ. ಡಾಕ್ಟರು ಗಡಿಯಾರ ನೋಡಿಕೊಂಡರು. ಹೊರಗೆ ಬೆಂಚು ತುಂಬ ಜನ. ಡಾಕ್ಟ್ರಮ್ಮ ಹೇಳಿದ ಗಾಯ, ಸೀರೆಯ ಹಿಂದಿನ ರಕ್ತ, ಎಲ್ಲ ಒಟ್ಟಿಗೆ ನನ್ನ ತಲೆಗೇರಿತು. ಕೊಳವೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. "ಹಿಂಗ! ನೋಡು, ಹಿಂಗ! ಸಾಯಂಗಿಲ್ಲ ಯಾರೂ!" ಎಂದು ಅದನ್ನು ಬಾಯೊಳಗೆ ಇಟ್ಟುಕೊಂಡು, ತುಟಿ ಬಿಗಿದು, ಇದ್ದಬದ್ದ ಸಿಟ್ಟನ್ನೆಲ್ಲ ಊದಿದೆ. ಡಾಕ್ಟರು ಅಭ್ಯಾಸಬಲದಿಂದ "ಊದ್ರಿ, ಊದ್ರಿ, ಬಿಡಬ್ಯಾಡ್ರಿ" ಎಂದು ಕೂಗಿದರು. ಉಸಿರು ಮುಗಿದು ಕೆಮ್ಮು ಬಂತು. ಮೇಜು ಹಿಡಿದು ಕೆಮ್ಮಿದೆ.

ತಲೆ ಎತ್ತುವಷ್ಟರಲ್ಲಿ ಅವ್ವ ಕೊಳವೆಯನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದಳು. "ತಡೀರಿ, ಅದು ಇವರು ಬಾಯಾಗ ಇಟ್ಟಿದ್ದು, ಹೊಸಾದು ಕೊಡ್ತೀನಿ" ಎಂದು ಡಾಕ್ಟರು ಪೊಟ್ಟಣ ಬಿಚ್ಚಲು ಹೋದರು.

"ಬ್ಯಾಡ್ರಿ. ಇದು ನನ್ನ ಮಗಳ್ದು" ಅಂದಳು ಅವ್ವ. ಹಾಗಂದು, ನನ್ನ ಉಗುಳಿನಿಂದ ತೇವವಾದ ಆ ರಟ್ಟಿನ ಕೊಳವೆಯನ್ನು ಒರೆಸಲೂ ಇಲ್ಲ, ಬಾಯೊಳಗೆ ಪೂರ್ತಿ ಇಟ್ಟುಕೊಂಡು, ತುಟಿ ಬಿಗಿದು, ಊದಿದಳು.

ಗೆರೆ ಪರದೆಯ ಮೇಲೆ ಏರಿತು. ಏರಿ ನಿಂತಿತು. ಡಾಕ್ಟರು ಕೂಗುವುದನ್ನು ಮರೆತರು. ಇನ್ನೊಮ್ಮೆ ಊದಿಸಿದರು, ಮತ್ತೊಮ್ಮೆ ಊದಿಸಿದರು, ಮೂರೂ ಒಂದೇ ಸಮ ಬಂದವು. "ಅಲ್ರೀ ಅಮ್ಮಾರೇ, ನಿಮ್ಮ ವಯಸ್ಸಿನೋರು ಇಷ್ಟು ಊದಿದ್ದು ನಾನು ನೋಡೇ ಇಲ್ಲ. ಆರಾಮ ಆಪರೇಷನ್ ಮಾಡಿಸ್ರಿ" ಅಂದರು. ನನಗೆ ಕುಣಿಯಬೇಕು ಅನ್ನಿಸಿತು. ಅವ್ವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಅವಳು, "ಬಿಡಲೇ, ಸೆರಗು ಜಾರ್ತೈತಿ" ಎಂದು ನಗುತ್ತಿದ್ದಳು. ಅವಳಿಗೂ ಒಳಗೊಳಗೆ ಹೆಮ್ಮೆಯೇ.

ನಾನು ಚೀಲ ಎತ್ತಿಕೊಂಡೆ. ಡಾಕ್ಟರು ಮಾತ್ರ ಇನ್ನೂ ಪರದೆಯನ್ನೇ ನೋಡುತ್ತಿದ್ದರು. "ಅಕ್ಕಾರ, ನೀವು ಇನ್ನೊಮ್ಮೆ ಊದ್ರಿ ನೋಡಾಣ" ಅಂದರು.

"ನಂದೇನ್ರಿ? ನಾ ಆಕೀಗಿ ತೋರಿಸಾಕ ಊದಿದ್ದು."

"ಅದಕ್ಕಽ ಕೇಳಾಕತ್ತೀನಿ. ಕುಂದ್ರಿ."

ಊದಿದೆ. ಚಿಮಟ ಹಾಕಿ ಮತ್ತೆ ಊದಿಸಿದರು. ಏನು ಕೆಲಸ ಮಾಡುತ್ತೀರಿ ಎಂದರು. ಹಿಟ್ಟಿನ ಗಿರಣಿ ಅಂದೆ. ಖಾರದ ಪುಡಿಯನ್ನೂ ಹಾಕುತ್ತೀರೇನು ಎಂದರು. ಬೇಸಿಗೆಯಲ್ಲಿ ಅದೇ ಹೆಚ್ಚು ಅಂದೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತೀರಾ ಎಂದರು. ಬಟ್ಟೆ ಕಟ್ಟಿಕೊಂಡರೆ ಜನಕ್ಕೆ ನನ್ನ ಮಾತು ಕೇಳುವುದು ಹೇಗೆ? ಒಂದು ಸಣ್ಣ ಪಂಪಿನಿಂದ ಬಾಯೊಳಗೆ ಔಷಧಿ ಹೊಡೆಸಿ, ಹೊರಗೆ ಕೂತಿರಿ ಅಂದರು, ಸ್ವಲ್ಪ ಹೊತ್ತಾದ ಮೇಲೆ ಕರೆದು ಮತ್ತೆ ಊದಿಸಿದರು. ಆಮೇಲೆ ಎರಡು ಗೆರೆಗಳನ್ನು ತೋರಿಸಿದರು. ಮೇಲಿನದು ಅವ್ವನದು. ಕೆಳಗಿನದು ನನ್ನದು. "ನಿಮ್ಮ ವಯಸ್ಸಿಗೆ ಇರಬೇಕಾದ್ದರ ಅರ್ಧ ಸುದ್ದಾ ಇಲ್ಲ. ಒಳಗಿನ ನಳಿಗಿಗಳು ಹಿಟ್ಟಿನ ಧೂಳಿಗಿ ಬಿಗಿದು ಕುಂತಾವ. ಔಷಧಿಗಿ ಒಂಚೂರು ಬಿಟ್ಟಾವ, ಅದು ಪುಣ್ಯ. ಗಿರಣಿ ಬಿಡ್ರಿ. ಆಗಂಗಿಲ್ಲ ಅಂದ್ರ ಖಾರ ಹಾಕೋದಾದ್ರೂ ಬಿಡ್ರಿ."

ನಾನು ನಕ್ಕುಬಿಟ್ಟೆ. ನನಗೆಂಥ ಕಾಯಿಲೆ? ದಿನವಿಡೀ ಓಡಾಡುವವಳು ನಾನು. ಡಾಕ್ಟರು ಕೇಳಿದರು, ಮಹಡಿ ಹತ್ತುವಾಗ ನಡುವೆ ನಿಲ್ಲುತ್ತೀರಾ, ರಾತ್ರಿ ಎದ್ದು ಕೂರುತ್ತೀರಾ, ಮಾತಾಡುತ್ತ ಮಾತಾಡುತ್ತ ಕೆಮ್ಮು ಬರುತ್ತದಾ. ಇಲ್ಲ ಇಲ್ಲ ಎಂದು ನಾನು ಹೇಳುತ್ತಿದ್ದೆ, ಪಕ್ಕದಿಂದ ಅವ್ವ, "ಹೂಂ ರಿ. ಹೂಂ ರಿ. ಹೂಂ ರಿ" ಅನ್ನುತ್ತಿದ್ದಳು.

ಬಸ್ಸಿನಲ್ಲಿ ಅವಳು ನನ್ನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ತೆಗೆ ಅಂದೆ, ತೆಗೆಯಲಿಲ್ಲ. ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು, ಕಿಟಕಿಯ ಮೇಲೆ, ಕಂಡಕ್ಟರನ ಮೇಲೆ, ಆ ಡಾಕ್ಟರನ ಮೇಲೆ. ಅವ್ವನಿಗಾಗಿ ಹೋಗಿ ನಾನೇ ಸಿಕ್ಕಿಹಾಕಿಕೊಂಡೆನಲ್ಲ! ಮನೆಗೆ ಬಂದು ನೋಡಿದರೆ ಕರೆಂಟಿತ್ತು, ಬಾಗಿಲಲ್ಲಿ ಡಬ್ಬಿಗಳಿದ್ದವು. ಬೀಗ ತೆಗೆದು ಮೋಟಾರು ಹಾಕಿದೆ. ಅವ್ವ ಹಿಂದೆಯೇ ಬಂದಳು. ನನ್ನನ್ನು ಸರಿಸಿ, ಜೋಳದ ಡಬ್ಬಿಗೆ ಕೈ ಹಾಕಿದಳು. ಭಾರ ಎತ್ತಬಾರದ ಮೈ ಅದು! "ಇಡು ಕೆಳಗ! ನಿನ್ನ ಒಳಗಿಂದೆಲ್ಲ ಹೊರಗ ಬಂದೀತು!" ಎಂದು ಕಿರುಚಿದೆ. "ನೀ ಹೊರಗ ನಡಿ, ಇಡ್ತೀನಿ" ಎಂದು ಅವಳೂ ಕಿರುಚಿದಳು. ಹಿಟ್ಟಿಗೆ ಬಂದ ಹೆಂಗಸರು ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಹಿಂದೆ ಸರಿದರು. ಕೊನೆಗೆ ನಾನೇ ಮೋಟಾರು ಆರಿಸಿದೆ.

ನೀನು ಗಿರಣಿ ಬಿಡದೆ ನಾನು ಆಪರೇಷನ್ನಿಗೆ ಬರುವುದಿಲ್ಲ ಎಂದು ಅವ್ವ ಹಟ ಹಿಡಿದು ಕೂತಳು. ನಾನು ಊಟ ಬಿಟ್ಟು ಗೆದ್ದಿದ್ದೆನಲ್ಲ, ಈಗ ಅವಳು ಬಿಟ್ಟಳು. ಗಿರಣಿ ಬಿಟ್ಟು ನಾವು ತಿನ್ನುವುದೇನು ಎಂದು ನಾನು, ನೀನೇ ಇಲ್ಲದ ಮೇಲೆ ನಾನು ತಿನ್ನುವುದೇನು ಎಂದು ಅವಳು. ಮೂರು ಹೊತ್ತೂ ಇದೇ. ಸಾಕಾಗಿ, ಖಾರ ಬೀಸುವ ಕಲ್ಲು ಬಿಚ್ಚಿಸಿ ಮೂಲೆಗೆ ಇಡಿಸಿದೆ. ಡಾಕ್ಟರು ಬರೆದುಕೊಟ್ಟಿದ್ದ ಔಷಧಿಯ ಪಂಪು ಬಾಯಿಗೆ ಹೊಡೆದುಕೊಂಡೆ. ಅಪ್ಪನ ಹಳೆಯ ಪಂಚೆ ಹರಿದು ಅವ್ವನೇ ನನ್ನ ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿದಳು. ಆಪರೇಷನ್ ಆಗಿ ಎದ್ದು ಕೂತ ಮೇಲೆ ಉಳಿದದ್ದು ಮಾತಾಡುತ್ತೇನೆ ಎಂದಳು. ಅದು ಒಪ್ಪಿಗೆಯೋ ಬೆದರಿಕೆಯೋ ನನಗೆ ತಿಳಿಯಲಿಲ್ಲ.

ಆಪರೇಷನ್ ದಿನ ಅವಳ ಬಳೆ ತೆಗೆದರು, ಮೂಗುತಿ ತೆಗೆದರು. ಲಿಂಗ ಮಾತ್ರ ಮೈ ಬಿಟ್ಟು ಹೋಗಬಾರದು ಅಂದಳು, ನರ್ಸು ಅದನ್ನು ಬಟ್ಟೆಯಲ್ಲಿ ಸುತ್ತಿ ಅವಳ ತೋಳಿಗೆ ಕಟ್ಟಿದಳು. ಸ್ಟ್ರೆಚರಿನ ಪಕ್ಕದಲ್ಲಿ ನಾನು ಬಾಗಿಲವರೆಗೂ ನಡೆದೆ. ಅದೇ ಮತ್ತು ಕೊಡುವ ಡಾಕ್ಟರು ಬಾಗಿಲಲ್ಲೇ ಎದುರಾದರು. ಉಸಿರಿನ ಚೀಟಿ ನೋಡಿ, ಧೈರ್ಯ ತುಂಬಲೆಂದು, "ಏನೂ ಹೆದರಬ್ಯಾಡ್ರಿ ಅಮ್ಮಾ. ನಿಮ್ಮ ಉಸಿರು ಭೇಷ್ ಐತಿ. ಬೇಕಾದ್ದಕ್ಕಿಂತ ಹೆಚ್ಚಽ ಐತಿ" ಅಂದರು.

ಅವ್ವ ತಲೆ ಎತ್ತಿದಳು. "ಹೆಚ್ಚೈತೇನ್ರಿ?"

"ಹೂಂ, ಹೆಚ್ಚೈತಿ."

"ಹಂಗಾದ್ರ ಸಾಹೇಬ್ರ, ಹೆಂಗೂ ಕೊಯ್ಯಾಕತ್ತೀರಿ. ಹೆಚ್ಚಿಂದು ಸ್ವಲ್ಪ ತಗದು ನನ್ನ ಮಗಳಿಗಿ ಹಾಕಾಕ ಬರ್ತೈತೇನ್ರಿ?"

ನರ್ಸು ನಕ್ಕಳು. ಡಾಕ್ಟರು ನಕ್ಕರು. ಅವ್ವ ನಗಲಿಲ್ಲ. ತಲೆ ಎತ್ತಿಕೊಂಡೇ, ಡಾಕ್ಟರ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತಿದ್ದಳು.